ಸುಗ್ಗಿಯಿಂದ ಸುಗ್ಗಿಗೆ ಕಿರಾಣಿ ಲೆಕ್ಕ

ಪಗಾರದ ಮನೆಗಳಲ್ಲಿ ಕಿರಾಣಿ ಲೆಕ್ಕ ಒಂದನೇ ತಾರೀಖಿಗೆ ಶುರುವಾಗಿ ಮೂವತ್ತಕ್ಕೆ ಮುಗಿಯುತ್ತದೆ. ಕೂಲಿಯ ಮನೆಗಳಲ್ಲಿ ಬಟವಡೆಯಿಂದ ಬಟವಡೆಗೆ ನಡೆಯುತ್ತದೆ. ತೊಗರಿಗೆ ತಿಂಗಳ ಲೆಕ್ಕವೂ ಇಲ್ಲ, ವಾರದ ಲೆಕ್ಕವೂ ಇಲ್ಲ. ಮುಂಗಾರಿಗೆ ಬಿತ್ತಿದ್ದು ಎಳ್ಳ ಅಮಾವಾಸ್ಯೆಯ ಆಸುಪಾಸು ಕಟಾವಿಗೆ ಬಂದು, ಸಂಕ್ರಾಂತಿಯಿಂದ ಶಿವರಾತ್ರಿಯವರೆಗೆ ಕಲಬುರಗಿಯ ಗಂಜಿನಲ್ಲಿ ಚೀಲ ಚೀಲವಾಗಿ ಬಿದ್ದಿರುತ್ತದೆ. ಹಿಂಗಾರಿಯ ಮಾಲದಂಡಿ ಜೋಳ ಹೋಳಿ ಹುಣ್ಣಿಮೆ ಹೊತ್ತಿಗೆ ರಾಶಿಯಾಗುತ್ತದೆ. ಮೆಣಸಿನಕಾಯಿ, ಹುಣಸೆಹಣ್ಣು ಬೇಸಿಗೆಯವು. ನಮ್ಮ ತಟ್ಟೆಯ ಮುಖ್ಯ ಸಾಮಾನೆಲ್ಲ ವರ್ಷಕ್ಕೊಮ್ಮೆ ಹುಟ್ಟುವಂಥದ್ದು. ಅದನ್ನು ಕಿಲೋ, ಅರ್ಧ ಕಿಲೋ, ಪಾವು ಕಿಲೋ ಎಂದು ವರ್ಷವಿಡೀ ಚೂರುಚೂರಾಗಿ ಕೊಳ್ಳುತ್ತಾ, ತಿಂಗಳ ಕೊನೆಗೆ ಲೆಕ್ಕ ತಪ್ಪಿತೆಂದು ಮನೆಯಾಕೆಯನ್ನು ದೂರುವ ರೂಢಿ ನಮ್ಮಲ್ಲಿ ಬೆಳೆದಿದೆ. ಆ ದೂರು ತಪ್ಪು ಎನ್ನುವುದು ನನ್ನ ವಾದ. ಲೆಕ್ಕ ಕೆಡುವುದು ಕೊಳ್ಳುವವಳ ಕೈ ಸಡಿಲಾದ್ದರಿಂದಲ್ಲ. ಸುಗ್ಗಿಯಲ್ಲಿ ಸಾಮಾನು ಸೋವಿ ಇದ್ದಾಗ ಅವಳ ಕೈಯಲ್ಲಿ ದುಡ್ಡು ಇಲ್ಲದ್ದರಿಂದ.

ಹಳೆಯ ಮನೆತನಗಳಲ್ಲಿ ಈ ಮಾತನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ವರ್ಷದ ಜೋಳ ಹಗೇವಿಗೆ ಇಳಿಯುತ್ತಿತ್ತು. ತೊಗರಿಯನ್ನು ಹಸನು ಮಾಡಿ, ಔಡಲೆಣ್ಣೆ ಸವರಿ, ಬಿಸಿಲಿಗೆ ಹರವಿ, ಬೀಸುಕಲ್ಲಿನಲ್ಲಿ ಒಡೆಯುತ್ತಿದ್ದರು. ಖಾರ ಕುಟ್ಟಿಸುವುದು, ಹುಣಸೆಹಣ್ಣಿನ ಬೀಜ ಬಿಡಿಸುವುದು, ಶಾವಿಗೆ ಹೊಸೆಯುವುದು, ಹಪ್ಪಳ ಸಂಡಿಗೆ ಒಣಗಿಸುವುದು ಎಲ್ಲ ಯುಗಾದಿಯಿಂದ ಮಿರ್ಗದ ಮಳೆಯೊಳಗೆ ಮುಗಿಯಬೇಕು. ಮಳೆ ಹಿಡಿದ ಮೇಲೆ ಸಂತೆಯಿಂದ ತರಬೇಕಾದದ್ದು ಉಪ್ಪು, ಬೆಲ್ಲ, ಎಣ್ಣೆ, ಕಾಯಿಪಲ್ಯೆ ಇಷ್ಟೇ. ಆ ಕಾಲವೆಲ್ಲ ಚಂದವಿತ್ತೆಂದು ನಾನು ಹೇಳುತ್ತಿಲ್ಲ. ಹಗೇವು ಇದ್ದದ್ದು ಹೊಲ ಇದ್ದವರ ಮನೆಯಲ್ಲಿ. ಅದೇ ಹೊಲದಲ್ಲಿ ಕಳೆ ಕಿತ್ತವರು ದಿನದ ಕಾಳನ್ನು ದಿನವೇ ಹೊಂದಿಸಿಕೊಳ್ಳಬೇಕಿತ್ತು. 1972ರ ಬರ ಬಂದಾಗ ಈ ಎರಡು ಬಗೆಯ ಮನೆಗಳ ನಡುವಿನ ಅಂತರ ಎಷ್ಟೆಂದು ಈ ಸೀಮೆಯ ಹಿರಿಯರೆಲ್ಲ ಕಂಡರು. ವರ್ಷದ ಕಾಳು ಮನೆಯಲ್ಲಿರುವುದು ಆಗ ಜಾಣತನಕ್ಕಿಂತ ಹೆಚ್ಚಾಗಿ ಆಸ್ತಿಯ ಗುರುತಾಗಿತ್ತು. ಇಂದಿಗೂ ಬಹುಮಟ್ಟಿಗೆ ಹಾಗೇ ಇದೆ.

ಕಲಬುರಗಿ ಜಿಲ್ಲೆಯನ್ನು ತೊಗರಿಯ ಕಣಜ ಎನ್ನುತ್ತಾರೆ. ಇಲ್ಲಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಹುಮನಾಬಾದ್ ರಸ್ತೆಯ ಕಮಲಾಪುರದ ಕೆಂಪು ಬಾಳೆಗೆ ಅದಕ್ಕೂ ಮೊದಲೇ ಸಿಕ್ಕಿತ್ತು. ಹೀಗಿದ್ದೂ ಕಮಲಾಪುರದ ಸುತ್ತಿನ ಹಳ್ಳಿಗಳ ಸಣ್ಣ ರೈತರ ಮನೆಯಲ್ಲಿ ಶ್ರಾವಣದ ಹೊತ್ತಿಗೆ ಬೇಳೆಯನ್ನು ಅಂಗಡಿಯಿಂದ ತರುವುದನ್ನು ನೋಡಬಹುದು. ಪುಷ್ಯದಲ್ಲಿ ಬೆಳೆದವರು ಶ್ರಾವಣದಲ್ಲಿ ಕೊಳ್ಳುತ್ತಾರೆ. ಕಾರಣ ಗುಟ್ಟಿನದೇನಲ್ಲ. ಬೀಜ, ಗೊಬ್ಬರ, ಔಷಧಿ, ಕಟಾವಿನ ಕೂಲಿ, ಮಷೀನಿನ ಬಾಡಿಗೆ ಎಲ್ಲ ಸಾಲದ ಮೇಲೆ ನಡೆದಿರುತ್ತದೆ. ರಾಶಿ ಮುಗಿದ ವಾರದಲ್ಲೇ ಚೀಲಗಳು ಟಂಟಂ ಏರಿ ಗಂಜಿನ ಅಡತ ಅಂಗಡಿಗೆ ಬರುತ್ತವೆ. ಹಳೆಯ ಬಾಕಿ ಮುರಿದುಕೊಂಡು ಉಳಿದದ್ದು ಕೈಗೆ ಬರುತ್ತದೆ. ಎಲ್ಲರೂ ಒಟ್ಟಿಗೆ ಮಾರುವ ಹೊತ್ತಾದ್ದರಿಂದ ದರವೂ ಆಗಲೇ ಇಳಿದಿರುತ್ತದೆ. ಕಾಳು ಇಳಿದ ದರಕ್ಕೆ ಹೋಗಿ, ಅದರ ಬೇಳೆ ಏರಿದ ದರಕ್ಕೆ ಅದೇ ಮನೆಗೆ ವಾಪಸು ಬರುತ್ತದೆ. ನಡುವೆ ಗಿರಣಿ, ಲಾರಿ, ಗೋದಾಮು, ಸಗಟು, ಚಿಲ್ಲರೆ ಎಂದು ಐದಾರು ಕೈಗಳ ಪಾಲು ಸೇರಿರುತ್ತದೆ. ಆ ಕೈಗಳು ಮೋಸದವು ಎಂದೇನೂ ಅಲ್ಲ, ಅವರವರ ಕೆಲಸಕ್ಕೆ ಅವರವರ ಕೂಲಿ. ಆದರೆ ಮನೆಗೆ ಬೇಕಾದ ಒಂದು ಚೀಲ ತೊಗರಿ ಈ ಸುತ್ತು ಹಾಕಿ ಬರಬೇಕಾದ ಅಗತ್ಯವೇ ಇರಲಿಲ್ಲ.

ಎಷ್ಟು ಬೇಕು ಎನ್ನುವ ಲೆಕ್ಕವನ್ನು ಬಾಯಿಮಾತಿನಲ್ಲಿ ಬಿಡದೆ ಹಾಕಿ ನೋಡೋಣ. ನಾಲ್ಕು ಜನರ ಮನೆ. ದಿನಕ್ಕೆ ಹನ್ನೆರಡು ರೊಟ್ಟಿ, ಎಂದರೆ ಕಿಲೋಗೆ ಸ್ವಲ್ಪ ಕಡಿಮೆ ಹಿಟ್ಟು. ವರ್ಷಕ್ಕೆ ಮೂರೂವರೆ ಕ್ವಿಂಟಲ್ ಜೋಳ. ದಿನಕ್ಕೆ 150 ಗ್ರಾಂ ತೊಗರಿಬೇಳೆ, ವರ್ಷಕ್ಕೆ 55 ಕಿಲೋ. ನೂರು ಕಿಲೋ ತೊಗರಿ ಒಡೆದರೆ ಎಪ್ಪತ್ತು ಕಿಲೋ ಆಸುಪಾಸು ಬೇಳೆ ಸಿಗುತ್ತದೆ, ಉಳಿದದ್ದು ಹೊಟ್ಟು, ನುಚ್ಚು. ಆದ್ದರಿಂದ 80 ಕಿಲೋ ತೊಗರಿ ಬೇಕು. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ತೊಗರಿಗೆ ಕ್ವಿಂಟಲಿಗೆ 8,000 ರೂಪಾಯಿ, ಮಾಲದಂಡಿ ಜೋಳಕ್ಕೆ 3,749 ರೂಪಾಯಿ. ಆ ದರ ಹಿಡಿದರೆ ತೊಗರಿಗೆ 6,400, ಜೋಳಕ್ಕೆ 13,100 ಚಿಲ್ಲರೆ. ಒಟ್ಟು ಹತ್ತೊಂಬತ್ತೂವರೆ ಸಾವಿರ. ಒಳ್ಳೆಯ ಮಾಲದಂಡಿ ಬಜಾರಿನಲ್ಲಿ ಇದಕ್ಕಿಂತ ತುಟ್ಟಿ ಹೋಗುವುದುಂಟು. ರೇಷನ್ ಅಕ್ಕಿ ಉಣ್ಣುವ ಮನೆಗೆ ಇದರ ಅರ್ಧ ಜೋಳವೂ ಸಾಕಾಗುವುದುಂಟು.

ಈಗ ಇನ್ನೊಂದು ಸಂಖ್ಯೆಯನ್ನು ಪಕ್ಕಕ್ಕಿಡಿ. 2023ರ ಆಗಸ್ಟ್ 30ರಂದು ಚಾಲನೆ ಪಡೆದ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ವರ್ಷಕ್ಕೆ 24,000. ಒಂದು ಮನೆಯ ವರ್ಷದ ಜೋಳ, ತೊಗರಿ ಕೊಂಡು, ಗಿರಣಿಯ ಖರ್ಚು ಕೊಟ್ಟು, ಮೆಣಸಿನಕಾಯಿಗೂ ಒಂದಿಷ್ಟು ಉಳಿಯುವಷ್ಟು ಹಣ. ಆ ದುಡ್ಡು ಬರುತ್ತಿದೆ, ಬೇಕಾದವಳ ಖಾತೆಗೇ ಬರುತ್ತಿದೆ. ಆದರೆ ಹನ್ನೆರಡು ಕಂತಿನಲ್ಲಿ ಬರುತ್ತದೆ. ಕೆಲವೊಮ್ಮೆ ತಡವಾಗಿ, ಎರಡು ಮೂರು ಕಂತು ಕೂಡಿ ಬಂದದ್ದೂ ಇದೆ. ಗಂಜಿನಲ್ಲಿ ತೊಗರಿಯ ರಾಶಿ ಬಿದ್ದಿರುವ ಜನವರಿಯಲ್ಲಿ ಅವಳ ಕೈಯಲ್ಲಿ ಇರುವುದು ಒಂದು ಕಂತು. ಅದರಲ್ಲಿ ಬೇಳೆಯ ಜೊತೆಗೆ ಮಗುವಿನ ಔಷಧಿ, ಭಿಶಿಯ ಕಟ್ಟು, ಹಿಂದಿನ ತಿಂಗಳ ಉದ್ರಿ ಎಲ್ಲ ತೀರಬೇಕು. ವರ್ಷದ ಒಟ್ಟು ಮೊತ್ತ ಒಂದೇ ಆದರೂ ಜನವರಿಯಲ್ಲಿ ಕೈಗೆ ಬರುವ ಇಪ್ಪತ್ತು ಸಾವಿರಕ್ಕೂ ಹನ್ನೆರಡು ತಿಂಗಳಲ್ಲಿ ಹರಿದು ಬರುವ ಇಪ್ಪತ್ತು ಸಾವಿರಕ್ಕೂ ಕೊಳ್ಳುವ ಬಲ ಬೇರೆ.

ಬಡವರ ಬಜೆಟ್ಟಿನ ಬಗ್ಗೆ ಬರೆಯುವವರು ಈ ಮಾತನ್ನು ಗಮನಿಸದೆ ಮುಂದೆ ಹೋಗುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯಿಂದ ಶುರುಮಾಡಿ, ಯಾದಿ ಬರೆದುಕೊಂಡು ಹೋಗಿ, ಹಸಿದ ಹೊಟ್ಟೆಯಲ್ಲಿ ಅಂಗಡಿಗೆ ಹೋಗಬೇಡಿ ಎಂದು ಮುಗಿಸುತ್ತಾರೆ. ಯಾದಿ ಬರೆಯಬೇಕು, ನಿಜ. ಆದರೆ ದಿನಕ್ಕೊಮ್ಮೆ ಹತ್ತು ರೂಪಾಯಿಯ ಎಣ್ಣೆ, ಇಪ್ಪತ್ತು ರೂಪಾಯಿಯ ಬೇಳೆ ತರುವವಳಿಗೆ ಯಾದಿಯ ಪಾಠ ಹೇಳುವುದು ಅನ್ಯಾಯ. ಅವಳ ಯಾದಿ ಅವಳಿಗೆ ಬಾಯಿಪಾಠ. ಕಿಲೋವಾರು ಲೆಕ್ಕದಲ್ಲಿ ಓಣಿಯಲ್ಲೇ ಅತಿ ಹೆಚ್ಚು ದರ ಕೊಡುವವಳು ಅವಳು.

ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲೇ ತೋರಿಸಿದ: ಮನೆ ಬಡವಾದಷ್ಟೂ ಅದರ ಖರ್ಚಿನಲ್ಲಿ ಊಟದ ಪಾಲು ದೊಡ್ಡದು. ನಮ್ಮ ದೇಶದ 2022-23ರ ಕುಟುಂಬ ಖರ್ಚಿನ ಸಮೀಕ್ಷೆಯಲ್ಲಿ ಹಳ್ಳಿಗಳ ಖರ್ಚಿನ ನೂರಕ್ಕೆ 46.38 ಪಾಲು, ಪಟ್ಟಣಗಳ 39.17 ಪಾಲು ಆಹಾರಕ್ಕೆ ಹೋಗಿತ್ತು. ಆದರೆ ಅದೇ ಸಮೀಕ್ಷೆಯ ಒಳಗೆ ಇಣುಕಿದರೆ ಇನ್ನೊಂದು ಸಂಗತಿ ಇದೆ. ಅಕ್ಕಿ, ಗೋಧಿ, ಜೋಳದಂಥ ಧಾನ್ಯಗಳಿಗೆ ಹಳ್ಳಿಯ ಮನೆ ನೂರಕ್ಕೆ 4.91, ಪಟ್ಟಣದ ಮನೆ 3.64 ಖರ್ಚು ಮಾಡಿದರೆ, ಚಹಾ, ತಂಪುಪಾನೀಯ, ಕುರುಕಲು, ಹೊರಗಿನ ತಯಾರಿ ತಿಂಡಿಗೆ ಹಳ್ಳಿಯಲ್ಲಿ 9.62, ಪಟ್ಟಣದಲ್ಲಿ 10.64. ರೇಷನ್ನಿನಲ್ಲಿ ಕಡಿಮೆ ದರಕ್ಕೆ ಸಿಗುವ ಧಾನ್ಯವೂ ಈ ಅಂತರಕ್ಕೆ ಒಂದು ಕಾರಣ ಇರಬಹುದು. ಆದರೂ ದುಡ್ಡು ಸೋರುವ ಜಾಗ ಯಾವುದೆಂದು ಇದರಿಂದ ಗೊತ್ತಾಗುತ್ತದೆ. ಬೇಳೆ ತುಟ್ಟಿಯಾದಾಗ ನಾವು ಮೊದಲು ಕೈ ಹಾಕುವುದು ಸಾರಿನ ಪಾತ್ರೆಗೆ: ಬೇಳೆ ಒಂದು ಹಿಡಿ ಕಡಿಮೆ, ನೀರು ಒಂದು ಚರಿಗೆ ಹೆಚ್ಚು. ಸ್ಟೇಷನ್ ರೋಡಿನ ಬಜ್ಜಿ, ಶಾಲೆಯ ಗೇಟಿನ ಹತ್ತು ರೂಪಾಯಿಯ ಪಾಕೀಟು, ದಿನಕ್ಕೆ ನಾಲ್ಕು ಸಲದ ಹೋಟೆಲ್ ಚಹಾ ಹಾಗೇ ನಡೆಯುತ್ತವೆ. ಅವೆಲ್ಲ ಯಾದಿಯಲ್ಲಿ ಇರುವುದೇ ಇಲ್ಲ. ಅವುಗಳಲ್ಲಿ ಹೆಚ್ಚಿನವು ಗಂಡಸರ ಜೇಬಿನಿಂದ, ಲೆಕ್ಕ ಕೇಳುವವರಿಲ್ಲದೆ ಹೋಗುವಂಥವು. ಮನೆಯ ಕಿರಾಣಿ ಬಜೆಟ್ ಎಂದರೆ ಬರೇ ಅಡುಗೆಮನೆಯ ಬಜೆಟ್ ಎಂದು ತಿಳಿದಿರುವವರೆಗೆ ಈ ಸೋರಿಕೆ ನಿಲ್ಲುವುದಿಲ್ಲ. ಎಣ್ಣೆಯದೂ ಇದೇ ಕಥೆ. ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೇಳಿದ ಪ್ರಮಾಣ ತಲೆಗೆ ದಿನಕ್ಕೆ 27 ಗ್ರಾಂ ಎಣ್ಣೆ ಕೊಬ್ಬು, ನಾಲ್ಕು ಜನಕ್ಕೆ ತಿಂಗಳಿಗೆ ಮೂರೂವರೆ ಲೀಟರ್. ಐದು ಲೀಟರಿನ ಡಬ್ಬಿ ತಿಂಗಳಿಗೆ ಸಾಲದ ಮನೆಗಳು ಬಜೆಟ್ ಕತ್ತರಿಸಲು ಬೇಳೆಯ ಹತ್ತಿರ ಹೋಗಬೇಕಾಗಿಲ್ಲ.

ಹಾಗಾದರೆ ವರ್ಷದ ಲೆಕ್ಕ ಹೇಗಿರಬೇಕು? ನನ್ನ ದೃಷ್ಟಿಯಲ್ಲಿ ಎರಡು ಚೀಲ. ಒಂದು ಸುಗ್ಗಿಯ ಚೀಲ: ಜೋಳ, ತೊಗರಿ, ಕಡಲೆ, ಖಾರ, ಹುಣಸೆ, ಬೆಲ್ಲ, ಶೇಂಗಾ. ಇದನ್ನು ಎಳ್ಳ ಅಮಾವಾಸ್ಯೆಯಿಂದ ಯುಗಾದಿಯೊಳಗೆ ಕೊಂಡು ಮುಗಿಸಬೇಕು. ಇನ್ನೊಂದು ವಾರದ ಚೀಲ: ಕಾಯಿಪಲ್ಯೆ, ಹಾಲು, ತತ್ತಿ, ಹಣ್ಣು, ಎಣ್ಣೆ, ಸೋಪು. ಕಣ್ಣಿ ಮಾರ್ಕೆಟ್ಟಿನಲ್ಲಿ ಟೊಮ್ಯಾಟೊ ದರ ಯಾರ ಕೈಯಲ್ಲೂ ಇಲ್ಲ. 2023ರ ಜುಲೈಯಲ್ಲಿ ಅದು ಕಿಲೋಗೆ ನೂರು ದಾಟಿ ಹೋದದ್ದು, 2019ರ ಡಿಸೆಂಬರಿನಲ್ಲಿ ಉಳ್ಳಾಗಡ್ಡಿ ನೂರು ದಾಟಿದ್ದು ಎಲ್ಲರಿಗೂ ನೆನಪಿದೆ. ಇಂಥ ಏರಿಳಿತ ತಡೆಯುವ ಶಕ್ತಿ ವಾರದ ಚೀಲಕ್ಕೆ ಬರಬೇಕಾದರೆ ಸುಗ್ಗಿಯ ಚೀಲ ಮೊದಲೇ ತುಂಬಿರಬೇಕು. ಟೊಮ್ಯಾಟೊ ಬಿಟ್ಟು ಹುಣಸೆಹಣ್ಣು ಹಾಕಿ, ಪುಂಡಿಪಲ್ಯೆ ಮಾಡಿ, ಶೇಂಗಾ ಹಿಂಡಿ ಕುಟ್ಟಿ ಆ ತಿಂಗಳು ದಾಟಬಹುದು. ಜೋಳ, ಬೇಳೆಯೂ ಅದೇ ವಾರ ತರಬೇಕಾದರೆ ದಾಟುವುದು ಕಷ್ಟ.

ಹಬ್ಬಗಳನ್ನು ಈ ಲೆಕ್ಕದಲ್ಲಿ ಮೊದಲೇ ಕೂಡಿಸಬೇಕು. ಪಂಚಮಿಯ ಉಂಡಿ, ದೀಪಾವಳಿ, ಶರಣಬಸವೇಶ್ವರ ಜಾತ್ರೆಗೆ ಬರುವ ನೆಂಟರು, ಬಂದೇನವಾಜ್ ಉರುಸಿಗೆ ಬರುವ ಬೀಗರು ಇವೆಲ್ಲ ಅಚಾನಕ್ಕಾಗಿ ಬರುವುದಿಲ್ಲ. ರಮಜಾನ್ ವರ್ಷವರ್ಷ ಹತ್ತು ಹನ್ನೊಂದು ದಿನ ಮುಂಚೆ ಬರುವುದರಿಂದ ಆ ಮನೆಗಳ ಖರ್ಚಿನ ತಿಂಗಳೂ ಸರಿಯುತ್ತಾ ಹೋಗುತ್ತದೆ. ಹೋದ ವರ್ಷದ ಲೆಕ್ಕವನ್ನು ಹಾಗೇ ನಕಲು ಮಾಡಿದರೆ ತಪ್ಪುತ್ತದೆ. 2026ರಲ್ಲಿ ಅಧಿಕ ಜ್ಯೇಷ್ಠ. ಮಗಳು ಅಳಿಯನಿಗೆ ಅಧಿಕ ಮಾಸದ ಉಡುಗೊರೆ ಕೊಡುವ ಮನೆಗಳು ಅದನ್ನು ಡಿಸೆಂಬರಿನಲ್ಲೇ ಬರೆದಿಟ್ಟರೆ ಮೇ ತಿಂಗಳಲ್ಲಿ, ಶಾಲೆಯ ಫೀ ಎದುರಿಗಿರುವಾಗ, ಕಿರಾಣಿಯ ದುಡ್ಡಿಗೆ ಕೈ ಹಾಕಬೇಕಾಗುವುದಿಲ್ಲ.

ಈ ವಾದಕ್ಕೆ ಬರುವ ಆಕ್ಷೇಪಗಳು ಹಗುರಾದವಲ್ಲ. ಮೊದಲನೆಯದು, ಸುಗ್ಗಿಯಲ್ಲಿ ಕೊಂಡದ್ದೇ ತುಟ್ಟಿಯಾಗುವ ವರ್ಷಗಳಿವೆ. 2015ರ ಅಕ್ಟೋಬರಿನಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಆ ಆಸೆಗೆ ದೇಶವೆಲ್ಲ ತೊಗರಿ ಬಿತ್ತಿ, 2017ರ ಆರಂಭಕ್ಕೆ ಬೋನಸ್ ಸೇರಿ 5,050 ರೂಪಾಯಿ ಇದ್ದ ಬೆಂಬಲ ಬೆಲೆಗಿಂತಲೂ ಗಂಜಿನ ದರ ಕೆಳಗೆ ಬಿತ್ತು. 2022ರ ಚಳಿಗಾಲ ನೆಟೆ ರೋಗ ಈ ಜಿಲ್ಲೆಯ ತೊಗರಿಯನ್ನು ಒಣಗಿಸಿತು, ಮರುವರ್ಷ ಬರ, ಬೇಳೆ ಮತ್ತೆ ಏರಿತು. ಆಮೇಲೆ ಮೊಜಾಂಬಿಕ್, ಮ್ಯಾನ್ಮಾರ್ ಕಡೆಯಿಂದ ಸುಂಕವಿಲ್ಲದ ತೊಗರಿ ಬಂದು 2025ರಲ್ಲಿ ಮತ್ತೆ ಇಳಿಯಿತು. ಆ ವರ್ಷ ಜನವರಿಯಲ್ಲೇ ಎಲ್ಲ ಕೊಂಡವರಿಗೆ ಲಾಭವಾಗಲಿಲ್ಲ. ನಿಜ. ಆದರೆ ಮನೆಯವರು ಬೇಳೆ ಕೊಳ್ಳುವುದು ವ್ಯಾಪಾರಕ್ಕಲ್ಲ. ಐದು ರೂಪಾಯಿ ಹೆಚ್ಚು ಕೊಟ್ಟ ವರ್ಷದ ನಷ್ಟ 55 ಕಿಲೋಗೆ 275 ರೂಪಾಯಿ. ಅರವತ್ತು ರೂಪಾಯಿ ಏರಿದ ವರ್ಷ ಕೊಳ್ಳದೆ ಕೂತವರ ನಷ್ಟ 3,300, ಜೊತೆಗೆ ತಿಂಗಳುಗಟ್ಟಲೆ ನೀರಾದ ಸಾರು.

ಕಾಳು ಕೂಡಿಡುವುದರಿಂದ ಬಜಾರಿನಲ್ಲಿ ಕೊರತೆಯಾಗುತ್ತದೆ ಎನ್ನುವವರಿದ್ದಾರೆ. 2023ರ ಜೂನ್‌ನಲ್ಲಿ ತೊಗರಿಗೆ ದಾಸ್ತಾನು ಮಿತಿ ಹಾಕಿದಾಗ ಸಗಟು ವ್ಯಾಪಾರಿಗೆ 200 ಟನ್, ಚಿಲ್ಲರೆ ಅಂಗಡಿಗೆ 5 ಟನ್ ಎಂದಿತ್ತು. ಅದರ ಮುಂದೆ ಒಂದು ಮನೆಯ 80 ಕಿಲೋ ಏನೂ ಅಲ್ಲ. ಬದಲಿಗೆ, 2020ರ ಮಾರ್ಚ್ ನೆನಪಿಸಿಕೊಳ್ಳಿ. ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯಲ್ಲಿ ಆಯಿತು, ದೇಶಕ್ಕೆ ಬೀಗ ಬೀಳುವ ಮುನ್ನವೇ ಈ ಊರಿನ ಓಣಿಗಳು ಸ್ತಬ್ಧವಾದವು. ಹೊಸ ಜೋಳ ಮನೆಗೆ ಬಂದಿದ್ದವರು ಕದ ಹಾಕಿಕೊಂಡು ಕೂತರು. ದಿನದ ಸಾಮಾನು ದಿನಕ್ಕೆ ತರುತ್ತಿದ್ದವರು ರೋಗದ ಹೆದರಿಕೆಯಲ್ಲೂ ಹೊರಗೆ ಬರಬೇಕಾಯಿತು.

ನನ್ನನ್ನು ನಿಜವಾಗಿ ತಡೆದು ನಿಲ್ಲಿಸುವ ಆಕ್ಷೇಪಗಳು ಬೇರೆ ಎರಡು. ಒಂದು, ಜಾಗ. ಎರಡು ಖೋಲಿಯ ಬಾಡಿಗೆ ಮನೆಯಲ್ಲಿ ನಾಲ್ಕು ಕ್ವಿಂಟಲ್ ಕಾಳು ಇಡುವುದೆಲ್ಲಿ? ದುಡಿಯಲು ಬೆಂಗಳೂರಿಗೋ ಮುಂಬಯಿಗೋ ಗುಳೆ ಹೋಗುವ ಮನೆಗೆ ಹಗೇವಿನ ಮಾತು ಹೇಳಿ ಏನು ಪ್ರಯೋಜನ? ಅಂಥವರು ಎಲ್ಲ ಬಿಟ್ಟು ತೊಗರಿಬೇಳೆ ಒಂದನ್ನಾದರೂ ಹಿಡಿಯಬಹುದು. 55 ಕಿಲೋ ಬೇಳೆಗೆ ಎರಡು ಪತ್ರಾ ಡಬ್ಬಿ ಸಾಕು, ಮಂಚದ ಕೆಳಗೆ ಹೋಗುತ್ತವೆ. ಎರಡನೆಯದು, ದುಡಿಮೆ. ಹಸನು ಮಾಡುವುದು, ಒಣಗಿಸುವುದು, ಮೇಲಿಂದ ಮೇಲೆ ಡಬ್ಬಿ ತೆಗೆದು ನುಸಿ ಬಿತ್ತೇ ಎಂದು ನೋಡುವುದು ಎಲ್ಲ ಹೆಂಗಸಿನ ಹೆಗಲಿಗೇ ಬೀಳುತ್ತದೆ. ಹೊರಗೆ ಎಂಟು ತಾಸು ದುಡಿದು ಬಂದವಳ ಭಾನುವಾರವನ್ನು ಮೊರದ ಮುಂದೆ ಕೂಡಿಸಿ ಉಳಿಸಿದ ದುಡ್ಡನ್ನು ಉಳಿತಾಯ ಎನ್ನಲು ನನಗೆ ಮನಸ್ಸಿಲ್ಲ. ಈ ಕೆಲಸಕ್ಕೆ ಮನೆಯ ಗಂಡಸರು, ದೊಡ್ಡ ಹುಡುಗರು ಕೂರಬೇಕು. ಕೂರದ ಮನೆಯಲ್ಲಿ ಹಸನಾದ ಬೇಳೆಯನ್ನೇ, ಕಿಲೋಗೆ ಒಂದೆರಡು ರೂಪಾಯಿ ಹೆಚ್ಚು ಕೊಟ್ಟಾದರೂ, ಸುಗ್ಗಿಯಲ್ಲಿ ಒಮ್ಮೆಲೇ ತರುವುದು ನ್ಯಾಯ.

ಗಂಜಿಗೆ ಹೋಗುವುದು ಈಗ ಹಿಂದಿನಷ್ಟು ಕಷ್ಟವಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಕಮಲಾಪುರದ ಹೆಣ್ಣುಮಗಳಿಗೆ ಕಲಬುರಗಿಗೆ ಬಸ್ಸಿನ ಚಾರ್ಜಿಲ್ಲ, ಚೀಲದ ಲಗೇಜು ಮಾತ್ರ. ಈ ಒಂದು ಬದಲಾವಣೆಯಿಂದ ಹಳ್ಳಿಯ ಚಿಲ್ಲರೆ ದರವನ್ನೂ ಗಂಜಿನ ದರವನ್ನೂ ಸ್ವತಃ ಹೋಲಿಸಿ ನೋಡುವ ಅವಕಾಶ ಅವಳಿಗೆ ಬಂದಿದೆ. ಅಡತ ಅಂಗಡಿಯ ಮುಂದೆ ಅಂಥ ಒಬ್ಬ ತಾಯಿ ಜೋಳ ಆರಿಸುವುದನ್ನು ನೋಡಬೇಕು. ಚೀಲದ ಬಾಯಿಯ ಕಾಳು ಅವಳಿಗೆ ಬೇಡ. ಮೊಣಕೈವರೆಗೆ ಕೈ ಇಳಿಸಿ ತಳದ್ದನ್ನು ತೆಗೆಯುತ್ತಾಳೆ. ಅಂಗೈಯಲ್ಲಿ ತಿಕ್ಕಿ ಊದಿ ಧೂಳೆಷ್ಟು ನೋಡುತ್ತಾಳೆ. ನಾಲ್ಕು ಕಾಳು ಹಲ್ಲಿಗೆ ಹಾಕುತ್ತಾಳೆ. ಕಟ್ ಎಂದು ಒಡೆದರೆ ಒಣಗಿದ್ದು, ಮೆತ್ತಗಾದರೆ ಇನ್ನೂ ಹಸಿ, ಎರಡು ತಿಂಗಳಲ್ಲಿ ಹುಳ ಬೀಳುತ್ತದೆ. “ಇದು ಹೋದ್ ವರ್ಷದ್ ಅದರಿ, ಹೊಸಾದ್ ತೋರಸ್ರಿ” ಎಂದು ಚೀಲ ಸರಿಸುತ್ತಾಳೆ. ಬಜೆಟ್ ಶಿಸ್ತಿನ ಪಾಠ ಇವಳಿಗೆ ಬೇಕಾಗಿಲ್ಲ. ಬೇಕಾದದ್ದು ಆ ಹೊತ್ತಿಗೆ ಇಪ್ಪತ್ತು ಸಾವಿರ ರೂಪಾಯಿ.

ಅದನ್ನು ಹೊಂದಿಸುವ ದಾರಿ ನಮ್ಮ ಊರುಗಳಲ್ಲೇ ಇದೆ. ಸ್ತ್ರೀಶಕ್ತಿ ಸಂಘಗಳು, ಸ್ವಸಹಾಯ ಗುಂಪುಗಳು ಒಳಸಾಲ ಕೊಡುತ್ತವೆ. ಮದುವೆಗೆ, ಆಸ್ಪತ್ರೆಗೆ, ಎಮ್ಮೆಗೆ ಕೊಡುವಂತೆ ಜನವರಿಯಲ್ಲಿ ಕಾಳಿಗೆಂದೇ ಸಾಲ ಕೊಡಬೇಕು. ಇಪ್ಪತ್ತು ಸಾವಿರಕ್ಕೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ, ಹನ್ನೆರಡು ಸಮ ಕಂತು, ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಎಂದು ಹಿಡಿದರೆ ವರ್ಷದ ಬಡ್ಡಿ 1,300 ರೂಪಾಯಿ. ಇದನ್ನು 405 ಕಿಲೋ ಜೋಳ ಬೇಳೆಗೆ ಹಂಚಿದರೆ ಕಿಲೋಗೆ ಮೂರೂಕಾಲು ರೂಪಾಯಿ ಬೀಳುತ್ತದೆ. ಗಂಜಿನ ದರಕ್ಕೂ ಓಣಿಯ ಚಿಲ್ಲರೆ ದರಕ್ಕೂ ಇದಕ್ಕಿಂತ ಕಡಿಮೆ ಅಂತರ ಇದ್ದದ್ದನ್ನು ನಾನು ಕಂಡಿಲ್ಲ. 2022ರ ಜುಲೈ 18ರಿಂದ 25 ಕಿಲೋವರೆಗಿನ, ಲೇಬಲ್ ಹಚ್ಚಿದ ಬೇಳೆ ಹಿಟ್ಟಿನ ಪಾಕೀಟುಗಳಿಗೆ ನೂರಕ್ಕೆ ಐದು ಜಿಎಸ್‌ಟಿ ಬಿತ್ತು. ಬಿಡಿ ಕಾಳಿಗೆ, ದೊಡ್ಡ ಚೀಲಕ್ಕೆ ಅದಿಲ್ಲ. ನೂರಿಪ್ಪತ್ತು ರೂಪಾಯಿಯ ಬೇಳೆಗೆ ಆ ತೆರಿಗೆಯೇ ಆರು ರೂಪಾಯಿ. ಹತ್ತು ಮನೆ ಕೂಡಿ ತೊಗರಿ ಕೊಂಡರೆ ಎಂಟು ಕ್ವಿಂಟಲ್ ಆಗುತ್ತದೆ, ಒಂದೇ ಟಂಟಂನಲ್ಲಿ ಬೇಳೆ ಗಿರಣಿಗೆ ಹೋಗುತ್ತದೆ, ಹೊಟ್ಟು ಎಮ್ಮೆ ಇದ್ದವರ ಮನೆಗೆ ಬರುತ್ತದೆ. ಕಮಲಾಪುರದ ಸಂಘವೊಂದು ಅದೇ ತಾಲ್ಲೂಕಿನ ರೈತನ ಕಣದಿಂದಲೇ ಬೆಂಬಲ ಬೆಲೆಗೆ ಕೊಂಡರೆ, ಬಜಾರಿನ ದರ ಅದಕ್ಕಿಂತ ಕೆಳಗಿರುವ ವರ್ಷ ಅವನಿಗೂ ನಾಲ್ಕು ಕಾಸು ಹೆಚ್ಚು ಸಿಗುತ್ತದೆ.

ಓಣಿಯ ಕಿರಾಣಿ ಅಂಗಡಿಯನ್ನು ಇದರಿಂದ ಬಿಟ್ಟುಬಿಡಬೇಕೆಂದಲ್ಲ. ಪಗಾರ ನಿಂತಾಗ, ಆಸ್ಪತ್ರೆಯ ತಿಂಗಳಲ್ಲಿ, ಚೀಟಿಯ ಮೇಲೆ ಉದ್ರಿ ಕೊಡುವವನು ಅವನೊಬ್ಬನೇ. ವಾರದ ಚೀಲ ಅವನದ್ದೇ ಆಗಿರಲಿ. ಸರ್ಕಾರದಿಂದ ನಾನು ಕೇಳುವುದು ಒಂದೇ. ಗೃಹಲಕ್ಷ್ಮಿಯ ಹಣ ಪಡೆಯುವ ಹೆಣ್ಣುಮಗಳು ಬಯಸಿದರೆ ವರ್ಷದ ಆರು ಕಂತನ್ನು ಜನವರಿಯಲ್ಲಿ ಒಮ್ಮೆಲೇ ಮುಂಗಡವಾಗಿ ಪಡೆಯುವ ಅವಕಾಶ ಕೊಡಲಿ, ಉಳಿದ ಆರನ್ನು ಎರಡು ತಿಂಗಳಿಗೊಮ್ಮೆ ಹಾಕಲಿ. ಬೊಕ್ಕಸಕ್ಕೆ ಹೊಸ ಯೋಜನೆಯ ಭಾರವಿಲ್ಲ, ವರ್ಷದ ಮೊತ್ತ ಅದೇ 24,000. ಜನವರಿಯಲ್ಲಿ ಕೈಗೆ ಬರುವ ಆ ಹನ್ನೆರಡು ಸಾವಿರದಲ್ಲಿ ವರ್ಷದ ತೊಗರಿಯೂ ಒಂದೂವರೆ ಕ್ವಿಂಟಲ್ ಜೋಳವೂ ಬರುತ್ತವೆ. ಉಳಿದ ಎರಡು ಕ್ವಿಂಟಲ್ ಜೋಳಕ್ಕೆ ಸಂಘದ ಸಾಲ ಎಂಟು ಸಾವಿರ ಸಾಕು.